ಬ್ಯಾಕಪ್ಪಿಗೊಂದು ಬೇರೆ ದಾರಿ

ಎರಡು ಸಾವಿರದ ಇಸವಿಯ ನಂತರದ ದಶಕದಲ್ಲಿ ನಾನು ರಾಜಾಜಿನಗರದ ಒಂದು ಸ್ಕ್ಯಾನಿಂಗ್ ಸೆಂಟರಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ನೋಡಿಕೊಳ್ಳುವುದು ಎಂದರೆ ಬಹುಪಾಲು ಹೆದರುವುದು. ರೋಗಿಗಳ ಚಿತ್ರಗಳೆಲ್ಲ ಸರ್ವರ್ ಎಂಬ ಒಂದೇ ಯಂತ್ರದಲ್ಲಿದ್ದವು. ಅದರ ಡಿಸ್ಕು ಕೈಕೊಟ್ಟರೆ ಎಷ್ಟೋ ಜನರ ತಲೆ, ಎದೆ, ಬೆನ್ನುಮೂಳೆ ಒಟ್ಟಿಗೆ ಮಾಯವಾಗುತ್ತವಲ್ಲ ಎಂದು ಮೂಡಲಪಾಳ್ಯದಲ್ಲಿ ಬಸ್ಸು ಹತ್ತುವಾಗಲೇ ಯೋಚನೆ ಶುರುವಾಗುತ್ತಿತ್ತು. "ಹೆದರೋಕೆ ಏನೂ ಸಿಗದಿದ್ರೆ ಅದಕ್ಕೂ ಹೆದರ್ತೀಯ ಕಣೇ" ಎನ್ನುವುದು ನಮ್ಮ ಮನೆಯವರ ತೀರ್ಪು.

ಹಾಗಾಗಿ ಚಿತ್ರಗಳ ಇನ್ನೊಂದು ಪ್ರತಿ ಸ್ಟೋರ್ ರೂಮಿನ ಕಂಪ್ಯೂಟರಿಗೆ ಹೋಗುವಂತೆ ಮಾಡಿದ್ದೆ. ಈ ಬ್ಯಾಕಪ್ಪನ್ನು ಲೋಕವೆಲ್ಲ ರಾತ್ರಿ ಮಾಡುತ್ತದೆ. ನಮ್ಮಲ್ಲಿ ಅದು ಸಾಧ್ಯವಿರಲಿಲ್ಲ. ಸೆಂಟರಿನ ಒಡೆಯರಾದ ಡಾಕ್ಟರು ಶಾರ್ಟ್ ಸರ್ಕ್ಯೂಟಿಗೆ ಹೆದರಿ, ಮನೆಗೆ ಹೊರಡುವ ಮುಂಚೆ ತಾವೇ ಮೇನ್ ಸ್ವಿಚ್ ಇಳಿಸಿ, ತಿರುತಿರುಗಿ ನೋಡಿಕೊಂಡು ಹೋಗುತ್ತಿದ್ದರು. ಅವರ ಹೆದರಿಕೆಗೆ ರಾತ್ರಿ, ನನ್ನದಕ್ಕೆ ಹಗಲು ಎಂದು ಪಾಲಾಗಿತ್ತು. ಹಗಲು ಬ್ಯಾಕಪ್ ಶುರುವಾದರೆ, ಡಾಕ್ಟರ ಪರದೆಗೆ ಚಿತ್ರ ಹೋಗುವ ಕೇಬಲ್ಲಿನಲ್ಲೇ ಅದೂ ನುಗ್ಗುತ್ತಿತ್ತು. ಡಾಕ್ಟರ ಮುಂದೆ ಅರ್ಧ ತಲೆಬುರುಡೆ ಮೂಡಿ ಅಲ್ಲಿಗೇ ನಿಲ್ಲುತ್ತಿತ್ತು.

ಒಂದು ಶುಕ್ರವಾರ ಅವರು ನನ್ನನ್ನು ಕರೆದರು. ದನಿ ಏರಿಸಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು.

"ನೋಡಮ್ಮ, ಸೋಮವಾರದವರೆಗೆ ಟೈಮ್. ಪೇಷಂಟ್ ಟೇಬಲ್ ಮೇಲಿರುವಾಗ ನನ್ ಸ್ಕ್ರೀನ್ ಇನ್ನೊಂದ್ಸಲ ನಿಂತ್ರೆ, ಆ ಬ್ಯಾಕಪ್ಪನ್ನೇ ನಿಲ್ಲಿಸಿಬಿಡೋಣ."

ನಿಲ್ಲಿಸಿದರೆ ಎಲ್ಲವೂ ಆ ಒಂದೇ ಡಿಸ್ಕಿನ ಮರ್ಜಿ. ಅದು ಆಗಲೇ ಹಳೆಯ ಮಿಕ್ಸಿಯ ಹಾಗೆ ಸದ್ದು ಮಾಡುತ್ತಿತ್ತು. ಅಥವಾ ನನ್ನ ಕಿವಿಗೆ ಹಾಗೆ ಕೇಳುತ್ತಿತ್ತು.

ಉಪಾಯ ಗೊತ್ತಿತ್ತು. ಸರ್ವರಿಗೂ ಸ್ಟೋರ್ ರೂಮಿನ ಕಂಪ್ಯೂಟರಿಗೂ ಕೇಬಲ್ ಸಿಕ್ಕಿಸುವ ಇನ್ನೊಂದೊಂದು ನೆಟ್‌ವರ್ಕ್ ಕಾರ್ಡ್ ಹಾಕಿ, ಎರಡರ ನಡುವೆ ಬೇರೆ ಕೇಬಲ್, ಕೇಬಲ್ಲುಗಳನ್ನು ಕೂಡಿಸುವ ಬೇರೆ ಸ್ವಿಚ್ ಡಬ್ಬಿ ಇಟ್ಟು, ಬ್ಯಾಕಪ್ಪನ್ನು ಆ ದಾರಿಗೆ ಇಳಿಸುವುದು. ಸ್ಟೋರ್ ರೂಮಿನ ಕಂಪ್ಯೂಟರಿನಲ್ಲೇ ಬಿಲ್ಲೂ ಆಗುತ್ತಿದ್ದುದರಿಂದ ಹಳೆಯ ದಾರಿಯನ್ನು ಕಿತ್ತುಹಾಕುವಂತಿರಲಿಲ್ಲ. ವಿಜಯನಗರದ ಅಂಗಡಿಯಿಂದ ಸಾಮಾನು ತಂದು ಭಾನುವಾರ ಕೂತೆ. ಸರ್ವರಿನ ಮುಚ್ಚಳ ತೆಗೆಯುವಾಗ ನನ್ನ ಮೈಯ ಕರೆಂಟು ತಗುಲಿ ಅದು ಸತ್ತೇಹೋದರೆ ಎಂದು ಕಿಟಕಿಯ ಸರಳನ್ನು ಎಷ್ಟು ಸಲ ಮುಟ್ಟಿದೆನೋ, ಕಂಡವರು ಯಾವುದೋ ವ್ರತ ಎಂದುಕೊಳ್ಳಬೇಕು. ಕಾರ್ಡು ಕೂತಿತು. ಪ್ರತಿ ಕಾರ್ಡಿಗೂ ಒಂದು ವಿಳಾಸವಿರುತ್ತದೆ; ಸ್ಟೋರ್ ರೂಮಿನ ಹೊಸ ಕಾರ್ಡಿನ ವಿಳಾಸಕ್ಕೆ ಸರ್ವರಿನಿಂದ ಒಂದು ಕೂಗು ಹಾಕಿ ನೋಡಿದೆ, ಓಗೊಟ್ಟಿತು. ಅಷ್ಟು ಸಾಕೆಂದು ಮನೆಗೆ ಹೋದೆ.

ಸೋಮವಾರ ಬ್ಯಾಕಪ್ ನಡೆಯುತ್ತಿದ್ದಾಗಲೇ ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿನಿಂದ ಒಬ್ಬನನ್ನು ಆಟೋದಲ್ಲಿ ಕರೆತಂದರು. ತಲೆಗೆ ಕಬ್ಬಿಣದ ತುಂಡು ಹಾರಿ ಬಡಿದಿತ್ತು. ಜೊತೆಯವನು ಒತ್ತಿಹಿಡಿದಿದ್ದ ಟವೆಲ್ಲು ಪೂರ್ತಿ ಕೆಂಪಾಗಿತ್ತು. ಸ್ವಲ್ಪ ಹೊತ್ತಿಗೆ ಸ್ಕ್ಯಾನ್ ಮಾಡುವ ಗದಗಿನ ಕಡೆಯ ಟೆಕ್ನಿಷಿಯನ್ ಬಾಗಿಲಲ್ಲಿ ತಲೆ ಹಾಕಿದ.

"ಮೇಡಂ, ಚಿತ್ರ ಒಂದೂ ಡಾಕ್ಟರ್ ಕಡೆ ಹೋಗವಲ್ವು."

ಓಡಿಹೋಗಿ ನೋಡಿದರೆ ನನ್ನ ಹೊಸ ಸ್ವಿಚ್ಚಿನ ದೀಪಗಳು ಮಧ್ಯಾಹ್ನದ ನಿದ್ದೆಯಲ್ಲಿದ್ದವು. ಹಳೆಯದರವು ಹುಚ್ಚು ಹಿಡಿದಂತೆ ಮಿಣುಕುತ್ತಿದ್ದವು. ಡಾಕ್ಟರು ಆಗಲೇ ಎದ್ದು, ಯಂತ್ರದ ಪರದೆಯಲ್ಲೇ ನೋಡಲು ಸ್ಕ್ಯಾನ್ ಕೋಣೆಗೆ ಹೊರಟಿದ್ದರು. ಬ್ಯಾಕಪ್ ನಿಲ್ಲಿಸಿದೆ. ಚಿತ್ರಗಳು ದಡದಡನೆ ಬಂದವು. ಒಳಗೆ ರಕ್ತವಿಲ್ಲ, ಹೊಲಿಗೆ ಹಾಕಿದರೆ ಸಾಕು ಎಂದು ಡಾಕ್ಟರು ಹೇಳಿದ್ದು ಕೇಳಿ, ಆತನ ಜೊತೆಯವನೂ ನಾನೂ ಒಂದೇ ಬೆಂಚಿನ ಮೇಲೆ ಕುಸಿದೆವು. ಅವನು ನನ್ನನ್ನು ಗಾಯಾಳುವಿನ ಸಂಬಂಧಿಕಳು ಎಂದುಕೊಂಡಿರಬೇಕು.

ಡಾಕ್ಟರು ನನ್ನ ಮುಂದೆ ನಿಂತರು. "ನಿಂತಿತಲ್ಲಮ್ಮ."

"ಸಂಜೆವರೆಗೆ ಕೊಡಿ ಸಾರ್," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವರಿಗೆ ಕೇಳಿಸಿತ್ತೇನೋ, ಗಡಿಯಾರ ನೋಡಿ ಒಳಗೆ ಹೋದರು.

ಕಾರಣ ಸಿಕ್ಕಾಗ ಅಳು ಬಂತು, ಅಷ್ಟು ಸಣ್ಣದು. ಬ್ಯಾಕಪ್ ಎಲ್ಲಿಗೆ ಹೋಗಬೇಕು ಎಂಬಲ್ಲಿ ಸ್ಟೋರ್ ರೂಮಿನ ಕಂಪ್ಯೂಟರಿನ ಹೆಸರಷ್ಟೇ ಇತ್ತು, ಆ ಹೆಸರು ಹಳೆಯ ಕಾರ್ಡಿನ ವಿಳಾಸವನ್ನೇ ತೋರಿಸುತ್ತಿತ್ತು. ಪಕ್ಕದಲ್ಲಿ ಖಾಲಿ ರಸ್ತೆ ಹಾಕಿಸಿ, ಲಾರಿ ಡ್ರೈವರನ ಕೈಗೆ ಹಳೆಯ ಚೀಟಿಯನ್ನೇ ಕೊಟ್ಟಿದ್ದೆ. ಹೆಸರು ಅಳಿಸಿ ಹೊಸ ಕಾರ್ಡಿನ ವಿಳಾಸ ಬರೆದೆ. ಆಮೇಲೆ ಸುಮ್ಮನೆ ಕೂತೆ. ಮತ್ತೆ ಶುರುಮಾಡಲು ಧೈರ್ಯವೇ ಬರಲಿಲ್ಲ. ಒಳಗೆ ಒಬ್ಬ ಅಜ್ಜಿಯನ್ನು ಟೇಬಲ್ಲಿನ ಮೇಲೆ ಮಲಗಿಸುತ್ತಿದ್ದರು. ಅವರು ಎದ್ದುಹೋಗಲಿ ಎಂದು ಕಾಯಬಹುದಿತ್ತು. ಆದರೆ ಟೇಬಲ್ಲಿನ ಮೇಲೆ ಯಾರೂ ಇಲ್ಲದಾಗ ಬ್ಯಾಕಪ್ ಓಡಿದರೆ ಏನೂ ಗೊತ್ತಾಗುವುದಿಲ್ಲವಲ್ಲ. ಕಣ್ಣುಮುಚ್ಚಿ ಗುಂಡಿ ಒತ್ತಿದೆ.

ಕಣ್ಣು ಬಿಟ್ಟಾಗ ಹೊಸ ಸ್ವಿಚ್ಚು ಮಿಣುಕುತ್ತಿತ್ತು. ಡಾಕ್ಟರ ಕೋಣೆಯ ಕಡೆ ಕಿವಿಯಿಟ್ಟು ನಿಂತೆ. ಕುರ್ಚಿ ಸರಿದ ಸದ್ದಿಲ್ಲ, ಬೈಗುಳವಿಲ್ಲ. ಬಹಳ ಹೊತ್ತಿನ ಮೇಲೆ ಅವರು ಹೊರಗೆ ಬಂದು, "ಬ್ಯಾಕಪ್ ನಿಲ್ಲಿಸಿದ್ದು ಒಳ್ಳೇದಾಯ್ತಮ್ಮ, ಈಗ ನೋಡಿ ಎಷ್ಟು ಬೇಗ ಬರ್ತಿದೆ," ಎಂದರು.

"ನಿಲ್ಲಿಸಿಲ್ಲ ಸಾರ್. ಓಡ್ತಾ ಇದೆ."

ಅವರು ಸ್ವಿಚ್ಚನ್ನು ನೋಡಿದರು, ನನ್ನನ್ನು ನೋಡಿದರು. "ಹಾಗಾದ್ರೆ ಓಡ್ಲಿ ಬಿಡಿ."

ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ದಾರಿ ಸರಿ, ಆದರೆ ತಲುಪಿದ್ದು ಪೂರ್ತಿ ತಲುಪಿದೆಯೇ? ಪ್ರತಿಯಲ್ಲಿ ವರ್ಕ್‌ಶಾಪಿನವನ ತಲೆಯನ್ನು ಹುಡುಕಿ, ಒಂದೊಂದೇ ಚಿತ್ರ ತೆರೆದೆ. ಕೊನೆಯದರವರೆಗೂ ಎಲ್ಲ ಇದ್ದವು. ನಂಬಿಕೆ ಬರದೆ ಮೊದಲಿನಿಂದ ಮತ್ತೆ ಶುರುಮಾಡಿದೆ.