ಸೀಟು ತುಂಬುವ ತನಕ

ಅಮರಪ್ಪ ತನ್ನ ಜೀವಮಾನದಲ್ಲಿ ಸಾವಿರಾರು ಕಥೆ ಹೇಳಿದ, ಒಂದನ್ನೂ ಮುಗಿಸಲಿಲ್ಲ. ಇದನ್ನು ದೂರು ಎಂದು ಹೇಳುತ್ತಿಲ್ಲ, ಅವನ ಕಸುಬಿನ ಶಿಸ್ತು ಎಂದು ದಾಖಲಿಸುತ್ತಿದ್ದೇನೆ.

ಅವನು ಮಸ್ಕಿಯಿಂದ ಸಂತೆಕಲ್ಲೂರಿಗೆ ಟಂಟಂ ಎಂಬ ಮೂರು ಗಾಲಿಯ ದೊಡ್ಡ ಆಟೋ ಓಡಿಸುತ್ತಿದ್ದ. ನಾನು ಮಸ್ಕಿಯಲ್ಲಿ ಮನೆ ಮಾಡಿ, ಆ ಕಡೆಯ ಊರಿನಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಟಂಟಂ ಶಾಸ್ತ್ರ ಬಲ್ಲವರಿಗೆ ಗೊತ್ತು: ಹತ್ತು ಮಂದಿ ತುಂಬುವ ತನಕ ಅದು ಹೊರಡುವುದಿಲ್ಲ. ಮೊದಲು ಹತ್ತಿದವನು ಹತ್ತನೆಯವನಿಗಾಗಿ ತಪಸ್ಸು ಮಾಡಬೇಕು. ಅಷ್ಟರಲ್ಲಿ ಸಿಂಧನೂರಿನ ಕಡೆಯಿಂದ ಬಸ್ಸಿನ ಹಾರ್ನು ಕೇಳಿತೋ, ತಪೋಭಂಗ. ಕೂತವರೆಲ್ಲ ಚೀಲ ಎತ್ತಿಕೊಂಡು ಇಳಿದು ಓಡುತ್ತಾರೆ. ಟಂಟಂ ಮತ್ತೆ ಖಾಲಿ. ಇದನ್ನು ತಡೆಯಲು ಬೇರೆ ಡ್ರೈವರುಗಳು ಬೈಗುಳವನ್ನು ನೆಚ್ಚಿಕೊಂಡಿದ್ದರು. ಅಮರಪ್ಪ ಕಥೆಯನ್ನು ನೆಚ್ಚಿಕೊಂಡಿದ್ದ.

ಮೊದಲ ಗಿರಾಕಿ ಕೂತ ಕೂಡಲೇ, ಹಿಂದಕ್ಕೂ ತಿರುಗದೆ, ಯಾರಿಗೂ ಅಲ್ಲವೆಂಬಂತೆ ಒಂದು ಮಾತು ಬಿಡುತ್ತಿದ್ದ.

“ಗೊರೇಬಾಳದಾಗ ಒಬ್ಬಾಕಿ ಗಂಡನ್ನ ಕರಕೊಂಡು ಸಂತಿಗಿ ಹೋಗಿ, ಬರಾಗ ಅವನ್ನ ಅಲ್ಲೇ ಮರತು ಬಂದಾಳ.”

ಅಷ್ಟೆ. ಆಮೇಲೆ ಅರಿವೆ ತಗೊಂಡು ಕನ್ನಡಿ ಒರೆಸುವುದು.

“ಮುಂದ?”

“ತಡೀರಿ, ಈ ಯಣ್ಣ ಕುಂದ್ರಲಿ. ಒಂಚೂರು ಸರೀರಿ.”

ಒಂದು ಸೀಟಿಗೆ ಒಂದು ಮಾತು. ಒಂಬತ್ತನೆಯವನು ಕೂರುವ ಹೊತ್ತಿಗೆ ಆ ಗಂಡ ಸಂತೆಯಲ್ಲಿ ಯಾರದೋ ಎಮ್ಮೆ ಹಿಡಿದುಕೊಂಡು ನಿಂತಿರುತ್ತಿದ್ದ. ಹತ್ತನೆಯವನು ಕಾಲಿಟ್ಟನೋ, ಎಂಜಿನ್ ಚಾಲೂ. ಆ ಎಂಜಿನ್ನಿನ ಸದ್ದಿನಲ್ಲಿ ನಮ್ಮ ಸ್ವಂತ ಯೋಚನೆಯೇ ನಮಗೆ ಕೇಳುತ್ತಿರಲಿಲ್ಲ, ಇನ್ನು ಕಥೆಯ ಮಾತೆಲ್ಲಿ? ಇಳಿಯುವಾಗ ಯಾರಾದರೂ ಹಿಡಿದು ಕೇಳಿದರೆ, “ಬರಾಗ ಹೇಳತೀನ್ರಿ” ಅನ್ನುತ್ತಿದ್ದ. ಬರುವಾಗ ಬೇರೆ ಮಂದಿ, ಬೇರೆ ಕಥೆ.

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದಾಗ ಸ್ಟ್ಯಾಂಡಿನ ಅರ್ಧ ಟಂಟಂಗಳು ಮನೆ ಸೇರಿದವು. ಅಮರಪ್ಪನದು ಮಾತ್ರ ತುಂಬುತ್ತಲೇ ಇತ್ತು. ಕಾಯಿಪಲ್ಲೆ ಮಾರುವ ಯಂಕಮ್ಮನಂತೂ ಪುಕ್ಕಟೆ ಹಕ್ಕನ್ನು ಪಕ್ಕಕ್ಕಿಟ್ಟು ದಿನಾ ಇವನ ಟಂಟಂ ಹತ್ತಿ ದಿನಾ ಜಗಳ ತೆಗೆಯುತ್ತಿದ್ದಳು.

“ಲೇ ಅಮರ್ಯಾ, ಆ ಗಂಡ ಮನಿಗಿ ಬಂದನೋ ಇಲ್ಲೋ ಅಷ್ಟು ಹೇಳಿಬಿಡು. ಮೂರು ದಿನಾತು, ನಿದ್ದಿ ಹತ್ತವಲ್ದು.”

“ಹೇಳಿದ್ರ ನಾಳೆ ನೀ ಬಸ್ಸಿಗಿ ಹೋಗತಿ ಯವ್ವಾ.”

“ಹೋಗತೀನಿ ಬಿಡು! ನಿನ್ನ ಡಬ್ಬ್ಯಾಗ ಸೊಂಟ ಮುರಕೊಳ್ಳಾಕ ನಾ ಏನು ಹರಕಿ ಹೊತ್ತೀನೇನು?”

ಮರುದಿನ ಅದೇ ಸೀಟಿನಲ್ಲಿ ಅದೇ ಸೊಂಟ.

ಆ ಕಾಲಕ್ಕೆ ನಾನೂ ಸಾಹಿತ್ಯ ಸೇವೆಯಲ್ಲಿ ತೊಡಗಿದ್ದೆ. ಹನ್ನೊಂದು ಕಥೆ ಬರೆದಿದ್ದೆ. ಹನ್ನೊಂದನ್ನೂ ಸಂಪಾದಕರು ಒಂದಕ್ಷರ ಕೆಡಿಸದೆ ಮರಳಿಸಿದ್ದರು. ಒಂದು ದಿನ ಸೀಟು ತುಂಬದೆ ಹೊತ್ತು ಹೋಗದಿದ್ದಾಗ ಹನ್ನೆರಡನೆಯದನ್ನು ಅಮರಪ್ಪನಿಗೆ ಓದಿದೆ. “ಮೂಡಣದ ಬಾನಂಗಳದಲ್ಲಿ ನೇಸರನು ಹೊಂಬಣ್ಣದ ಓಕುಳಿಯನ್ನು ಚೆಲ್ಲುತ್ತಿರಲು…” ಅವನು ಭಕ್ತಿಯಿಂದ ಕೇಳಿ, ತುಸು ಹೊತ್ತು ಕನ್ನಡಿ ಒರೆಸಿದ.

“ಮಾಸ್ತರ್ರ, ಸಿಟ್ಟಾಗಬ್ಯಾಡ್ರಿ. ಸೂರ್ಯ ದಿನಾ ಹುಟ್ಟತಾನ. ಹುಟ್ಟಲಿಲ್ಲಂದ್ರ ಹೇಳ್ರಿ, ಕುಂದ್ರತೀವಿ.”

ಲಿಂಗಸುಗೂರಿನ ಕಥಾ ಕಮ್ಮಟವೊಂದರಲ್ಲಿ ಇದೇ ವಿಷಯದ ಮೇಲೆ ಇಡೀ ಮುಂಜಾನೆ ಉಪನ್ಯಾಸ ಕೇಳಿದ್ದೇನೆ. ಅಲ್ಲಿ ಅರ್ಧ ಮಂದಿ ಊಟಕ್ಕೆ ಮೊದಲೇ ಇಳಿದು ಹೋಗಿದ್ದರು.

ನನ್ನ ಪರೀಕ್ಷೆ ಬಂದದ್ದು ಒಂದು ಮಾಗಿಯಲ್ಲಿ. ಅಮರಪ್ಪ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಬಂದ. ಗಂಟಲು ಪೂರ್ತಿ ಕಟ್ಟಿತ್ತು, ಉಸಿರು ಬಿಟ್ಟರೆ ಬೇರೆ ಏನೂ ಹೊರಡುತ್ತಿರಲಿಲ್ಲ. ಒಳಗೆ ನಾವು ಐದು ಮಂದಿ. ದೂರದಲ್ಲಿ ಬಸ್ಸಿನ ಹಾರ್ನು ಕೇಳಿತು. ಅವನು ನನ್ನ ಕಡೆ ನೋಡಿದ. ಪಕ್ಕದವನ ಉತ್ತರ ಪತ್ರಿಕೆಯನ್ನು ಹುಡುಗರು ನೋಡುವ ನೋಟ ಅದು. ನನಗೆ ಚೆನ್ನಾಗಿ ಗೊತ್ತು.

ನಾನು ಕೆಮ್ಮಿ ದನಿ ಸರಿಮಾಡಿಕೊಂಡು, “ಮೂಡಣದ ಬಾನಂಗಳದಲ್ಲಿ…” ಅಂದೆ.

ಇಬ್ಬರು ಇಳಿದರು. ಯಂಕಮ್ಮನ ಕೈ ಬುಟ್ಟಿಗೆ ಹೋಯಿತು. ಯಂಕಮ್ಮ ಇಳಿದರೆ ಅಮರಪ್ಪನ ಟಂಟಂ ಮನೆ ಸೇರಿದಂತೆಯೇ ಎಂಬುದು ನನ್ನಂಥ ಸಾಹಿತಿಗೂ ಹೊಳೆಯಿತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

“ನಿನ್ನೆ ನಮ್ಮನಿಯಾಕಿ ಮನಿಗಿ ಕೀಲಿ ಹಾಕ್ಕೊಂಡು ತವರಿಗಿ ಹೋದ್ಳು. ನಾ ಒಳಗ ಇದ್ದೆ.”

ಬುಟ್ಟಿ ಅಲ್ಲೇ ನಿಂತಿತು. “ಅಯ್ಯ ಶಿವನ! ಮತ್ತ ಇಲ್ಲಿಗಿ ಹ್ಯಾಂಗ ಬಂದಿ ಮಾಸ್ತರ?”

ಅದು ನಡೆದದ್ದೇ. ಮಾನಕ್ಕೆ ಅಂಜಿ ಯಾರಿಗೂ ಹೇಳಿರಲಿಲ್ಲ. ಮನೆಯ ಹಿಂದಿನ ಕಿಟಕಿಗೆ ಬಂದ ತನಕ ಹೇಳಿಬಿಟ್ಟಿದ್ದೆ, ಅಷ್ಟರಲ್ಲಿ ಅಮರಪ್ಪ ಒಂದು ಬೆರಳೆತ್ತಿದ: ಸಾವಕಾಶ. ನನಗೂ ಬುದ್ಧಿ ಬಂತು. “ತಡೀರಿ, ಆ ಯಣ್ಣ ಕುಂದ್ರಲಿ” ಅಂದೆ. ಬಸ್ಸು ಬಂತು, ನಿಂತಿತು, ಹೋಯಿತು. ನಮ್ಮವರಲ್ಲಿ ಯಾರೂ ಅಲುಗಲಿಲ್ಲ. ಇಳಿದಿದ್ದ ಇಬ್ಬರಲ್ಲಿ ಒಬ್ಬ ಬಸ್ಸಿನ ಮೆಟ್ಟಿಲಿನಿಂದ ಮರಳಿ ಬಂದ.

ಆ ಕೀಲಿಯ ವಾಕ್ಯದಿಂದಲೇ ಶುರುವಾದ ನನ್ನ ಕಥೆ ಕೊನೆಗೂ ಅಚ್ಚಾಯಿತು. ಪತ್ರಿಕೆ ಒಯ್ದು ಕೊಟ್ಟೆ. ಅಮರಪ್ಪ ಮೊದಲ ಸಾಲು ಓದಿ, ಮಡಚಿ, ಸೀಟಿನ ಕೆಳಗೆ ಇಟ್ಟುಕೊಂಡ.

“ಉಳಿದದ್ದು ಓದೋದಿಲ್ಲೇನು?”

“ಸೀಟು ತುಂಬೇತಲ್ರೀ ಮಾಸ್ತರ್ರ. ಇನ್ನ ಹೊರಡೋದ.”

ಅವನ ಆರಂಭಗಳಲ್ಲಿ ನನ್ನನ್ನು ಬಿಡದೆ ಕಾಡಿದ್ದು ಒಂದೇ: “ನಮ್ಮ ತಂಗಿ ಮದಿವಿ ದಿನ ಮದಿಮಗ ಇಬ್ಬರು ಬಂದಿದ್ರು.” ಆರು ವರ್ಷ ಗೋಗರೆದೆ. ಜವಳಗೇರಾಕ್ಕೆ ವರ್ಗವಾಗಿ ನಾನು ಆ ದಾರಿಯಲ್ಲಿ ಕೊನೆಯ ಸಲ ಹೊರಟ ದಿನ, ಬೇಕೆಂದೇ ಮುಂದಿನ ಸೀಟಿಗೆ ಹತ್ತಿ, ಇವತ್ತಾದರೂ ಹೇಳು ಮಾರಾಯ ಅಂದೆ. ಅವನು ಹಿಂದೆ ತಿರುಗಿ ತಲೆ ಎಣಿಸಿದ.

“ನೀವ ಹತ್ತನೇದವರು, ಮಾಸ್ತರ್ರ” ಎಂದು ಎಂಜಿನ್ ಚಾಲೂ ಮಾಡಿದ. ನಾನು ಅವನನ್ನು ನೋಡಿದ್ದು ಅದೇ ಕೊನೆ.

ಹೋದ ತಿಂಗಳು ಅಮರಪ್ಪ ತೀರಿಕೊಂಡ ಸುದ್ದಿ ಬಂತು. ಮನೆಯವರನ್ನು ಮಾತಾಡಿಸಿ ಬರಲು ಸಂತೆಕಲ್ಲೂರಿಗೆ ಹೋದೆ. ಅಂಗಳದಲ್ಲಿ ಟಂಟಂ ನಿಂತಿತ್ತು. ಒಳಗೆ ಎರಡು ಕೋಳಿ ಕೂತಿದ್ದವು. ಇನ್ನೂ ಎಂಟು ಬರಬೇಕಿತ್ತು. ಅವನ ತಂಗಿ ಈರಮ್ಮ ಚಹಾ ತಂದಿಟ್ಟು ಎದುರಿಗೆ ಕೂತಳು. ಇಂಥ ಹೊತ್ತಿಗೆ ಆಡಬೇಕಾದ ಮಾತುಗಳನ್ನೆಲ್ಲ ಆಡಿ ಮುಗಿಸಿದೆ. ಕೇಳಬಾರದು ಅಂದುಕೊಂಡೇ ಕೇಳಿದೆ.

“ತಂಗೀ, ನಿನ್ನ ಮದಿವಿ ದಿನ ಮದಿಮಗ ಇಬ್ಬರು ಬಂದಿದ್ರಂತಲ್ಲ?”

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಬಾಗಿಲ ಕಡೆ ನೋಡಿದಳು. ರಸ್ತೆಯಲ್ಲಿ ಮಸ್ಕಿಯ ಬಸ್ಸು ಹಾರ್ನು ಹೊಡೆಯಿತು. ಕೇಳಿ ತಪ್ಪು ಮಾಡಿದೆ ಅಂದುಕೊಂಡು ಚೀಲ ಎತ್ತಿಕೊಂಡೆ.

“ಇಬ್ಬರಂತ ಹೇಳಿದ್ನೇನ್ರೀ ನಮ್ಮಣ್ಣ?” ಅಂದಳು. “ಮೂರು ಮಂದಿ ಬಂದಿದ್ರು.”

ನಾನು ಚೀಲ ಕೆಳಗಿಟ್ಟೆ.