ಒಂಬತ್ತು ಪಾಠ, ಒಂದು ಅಕ್ಕಿಕಾಳು

ಅಂದು ಭಾನುವಾರ. ದೋಸೆಗೆ ನೆನೆಹಾಕಿದೆ. ಮೋಟರ್ ಹಾಕಿ, ಟ್ಯಾಂಕು ತುಂಬಿ ಹರಿಯುವ ಮೊದಲೇ ಆರಿಸಿದೆ. ದಿಂಬಿನ ಕವರುಗಳನ್ನು ಒಗೆದು ಹರವಿದೆ. ದಂಟಿನ ಸೊಪ್ಪು ಸೋಸಿಟ್ಟೆ. ಹತ್ತು ಗಂಟೆಗೆ ಕಂಪ್ಯೂಟರ್ ಮುಂದೆ ಕೂತು ಹತ್ತನೆಯ ಪಾಠ ಓದತೊಡಗಿದೆ. ಎರಡು ಪುಟ ಮುಗಿಯುವಷ್ಟರಲ್ಲಿ ಪರದೆ ನೀಲಿಯಾಗಿ ಎಲ್ಲ ನಿಂತುಹೋಯಿತು. ಆ ವಾರದಲ್ಲಿ ಅದು ಐದನೆಯ ಸಲ.

ಓದುತ್ತಿದ್ದುದು ನನಗಾಗಿ ಅಲ್ಲ, ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡು ಬಿ.ಎ. ಓದುತ್ತಿದ್ದ ಬಾಗಲಕೋಟೆ ಕಡೆಯ ಹುಡುಗಿಗಾಗಿ. ಅವಳಿಗೆ ಕಣ್ಣು ಕಾಣುವುದಿಲ್ಲ. ಅವಳ ಇತಿಹಾಸದ ಪುಸ್ತಕವನ್ನು ಓದಿ ರೆಕಾರ್ಡ್ ಮಾಡಿ, ನನ್ನ ಕೆಮ್ಮು, ಕುಕ್ಕರಿನ ಕೂಗು ಕತ್ತರಿಸಿ ಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. ಒಟ್ಟು ಹತ್ತು ಪಾಠ. ಮುಗಿದ ಒಂಬತ್ತೂ ಕಂಪ್ಯೂಟರಿನೊಳಗೇ ಇದ್ದವು. ಎಲ್ಲ ಒಟ್ಟಿಗೆ ಕೊಟ್ಟರಾಯಿತು ಎಂದು ಸೋಮಾರಿತನ ಮಾಡಿದ್ದೆ. ಈಗ ಪೆನ್‌ಡ್ರೈವಿಗೆ ಹಾಕಹೋದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಪರೀಕ್ಷೆಗೆ ಉಳಿದಿದ್ದು ನಾಲ್ಕೇ ದಿನ.

“ಮೆಮೊರಿ ಕೆಟ್ಟಿದೆ ಕಣೇ,” ಎಂದರು ನಮ್ಮವರು. ಕಂಪ್ಯೂಟರೇ ನಡೆಸುವ ಮೆಮೊರಿ ಪರೀಕ್ಷೆಯೂ ಹಾಗೇ ಹೇಳಿತ್ತು. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ರ್ಯಾಮ್ ಎಂಬ ಗೇಣುದ್ದದ ಎರಡು ಪಟ್ಟಿಗಳನ್ನೂ ಹೊರತೆಗೆದರು. ಒಂದನ್ನೇ ಹಾಕಿ ನೋಡಿದರು, ನಿಂತಿತು. ಅದನ್ನು ತೆಗೆದು ಅದೇ ಜಾಗಕ್ಕೆ ಇನ್ನೊಂದನ್ನು ಹಾಕಿದರು, ಅದೂ ನಿಂತಿತು.

“ಎರಡೂ ಹೋಗಿವೆ. ಹೊಸದು ತರ್ಬೇಕು. ಇವತ್ತು ಭಾನುವಾರ, ಅಂಗಡಿ ತೆಗ್ದಿರಲ್ಲ. ಇನ್ನು ನಂಗೆ ರಜ ಸಿಗೋದು ಶನಿವಾರವೇ.”

ಹುಡುಗಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಪಾಠಗಳೆಲ್ಲ ಹೋದರೂ ಅವಳು ಒಂದು ಮಾತು ಆಡುವವಳಲ್ಲ. ಅದಕ್ಕೇ ನನಗೆ ಹೆಚ್ಚು ಸಂಕಟ. ಒಂದೂವರೆ ಗಂಟೆಯಲ್ಲಿ, ಹೆಬ್ಬಾಳದಲ್ಲಿ ಬಸ್ಸು ಬದಲಿಸಿಕೊಂಡು, ಕೆಂಪಾಪುರದ ನಮ್ಮ ಬಾಗಿಲಲ್ಲಿ ನಿಂತಿದ್ದಳು.

“ಬೈಯೋಕೆ ಬಂದ್ಯಾ?” ಎಂದೆ.

“ಬೈಯಾಕಲ್ರಿ ಆಂಟಿ, ಊಟಕ್ಕ ಬಂದೀನಿ.”

ಉಂಡು ಕೈತೊಳೆದು, ಏನೇನು ಮಾಡಿದಿರಿ ಎಂದು ನಮ್ಮವರನ್ನು ಒಂದೊಂದಾಗಿ ಕೇಳಿದಳು. ಕಾಲೇಜಿನ ಲ್ಯಾಬಿನಲ್ಲಿ ಅವಳೂ ಇಂಥ ಪಟ್ಟಿಗಳನ್ನು ತೆಗೆದು ಹಾಕಿದ್ದಾಳೆ.

“ಅಂಕಲ್, ಎರಡೂ ಚಪ್ಪಲಿ ಒಂದ ದಿನ ಹರಿತಾವೇನ್ರಿ? ಎರಡನ್ನೂ ಅದ ಜಾಗಾದಾಗ ಹಾಕಿ ನೋಡೀರಿ. ಜಾಗಾ ಬದಲ್ ಮಾಡ್ರಿ.”

ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷ ಮಿಷನ್ ರಿಪೇರಿ ಮಾಡಿದ ನಮ್ಮವರು ಕನ್ನಡಕ ಮೇಲೇರಿಸಿ, “ಇದು ಹೊಳೀಲೇ ಇಲ್ಲ ನೋಡಮ್ಮ,” ಎಂದು ಪಟ್ಟಿಯನ್ನು ಪಕ್ಕದ ಜಾಗಕ್ಕೆ ಒತ್ತಿದರು. ಕಂಪ್ಯೂಟರ್ ಎದ್ದಿತು. ಹತ್ತು ನಿಮಿಷ ಕಾದೆವು, ನಿಲ್ಲಲಿಲ್ಲ. ಒಂಬತ್ತು ಪಾಠಗಳೂ ಪೆನ್‌ಡ್ರೈವಿಗೆ ಇಳಿದವು. ಅವಳ ಅಂಗೈಗೆ ಪೆನ್‌ಡ್ರೈವ್ ಇಟ್ಟು ಬೆರಳು ಮಡಿಸಿದೆ.

ಮತ್ತೆ ಪ್ಲಗ್ ಕಿತ್ತ ಮೇಲೆ, “ಆ ಕೆಟ್ಟ ಜಾಗಾ ನನಗೂ ತೋರಸ್ರಿ,” ಎಂದಳು. ನಮ್ಮವರು ಅವಳ ಬೆರಳನ್ನು ಅಲ್ಲಿಗೆ ಮುಟ್ಟಿಸಿದರು. ಬೆರಳು ಸಂದಿಯುದ್ದಕ್ಕೂ ಹೋಗಿ ತುದಿಯಲ್ಲಿ ನಿಂತಿತು. “ಇಲ್ಲೇನೋ ಚುಚ್ಚತೈತ್ರಿ.”

ಟಾರ್ಚು ಹಿಡಿದು ಸೂಜಿಯಿಂದ ಎಬ್ಬಿಸಿದರೆ ಬಂದದ್ದು ಅರಿಸಿನ ಹತ್ತಿದ ನುಚ್ಚಕ್ಕಿ. ಹಿಂದಿನ ವಾರ ಆಯುಧಪೂಜೆಯ ದಿನ ಇವರು ಪಟ್ಟಿಗಳನ್ನು ತೆಗೆದು ಧೂಳು ಒರೆಸಿದ್ದರು. ಅವನ್ನು ಮತ್ತೆ ಕೂರಿಸುವ ಮೊದಲೇ ನಾನು ಕಣ್ಣುಮುಚ್ಚಿ ಅಕ್ಷತೆ ಹಾಕಿದ್ದೆ.

“ಅಕ್ಕಿಕಾಳು ಹಾಕಿ ಇದರ ಮದುವಿ ಮಾಡೀರೇನ್ರಿ ಆಂಟಿ?”

“ಇವಳು ಹಿಡಿ ತುಂಬಾನೇ ಹಾಕೋದು,” ಎಂದರು ನಮ್ಮವರು.

“ಮುಚ್ಚಳ ತೆಗೆದಿಟ್ಟಿದ್ದು ಯಾರೋ?” ಎಂದೆ.

ಸಂಜೆ ಅವಳು ಪಕ್ಕದಲ್ಲೇ ಕೂತಿರಲು ಹತ್ತನೆಯ ಪಾಠ ಓದಿ ಮುಗಿಸಿದೆ. ನಡುವೆ ಕುಕ್ಕರ್ ಕೂಗಿತು. “ಅದನ್ನ ಕತ್ತರಸಬ್ಯಾಡ್ರಿ,” ಎಂದಳು. “ಕೇಳೂವಾಗ ನಿಮ್ಮ ಮನ್ಯಾಗ ಕುಂತಂಗ ಆಗ್ತೈತಿ.” ಅಷ್ಟು ದೊಡ್ಡ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಎದ್ದು ಹೋಗಿ ಒಲೆ ಸಣ್ಣ ಮಾಡಿದೆ.

ರಾತ್ರಿ ಉಳಿದುಕೋ ಎಂದೆವು, ಉಳಿದಳು. ಚಪಾತಿ, ದಂಟಿನ ಸೊಪ್ಪಿನ ಹುಳಿ, ಅನ್ನ, ಮಜ್ಜಿಗೆ. ಜೊತೆಗೆ ಅವಳ ಚೀಲದಲ್ಲಿದ್ದ ಶೇಂಗಾ ಚಟ್ನಿಪುಡಿ. ಮೊದಲು ನಿದ್ದೆ ಹೋದವಳು ಅವಳೇ, ಹಾಲಿನ ಚಾಪೆಯ ಮೇಲೆ, ಇಯರ್‌ಫೋನ್ ಹಾಕಿಕೊಂಡೇ. ಮೆಲ್ಲಗೆ ತೆಗೆದೆ. ಅದರೊಳಗೆ ನಾನು ಇನ್ನೂ ಮೂರನೆಯ ಪಾಠ ಓದುತ್ತಿದ್ದೆ.