ಎಡಗಡೆಯ ಹಕ್ಕಿ

ಸಿದ್ದಾಪುರದ ಆಚೆ, ಹಳ್ಳದ ದಂಡೆಯಲ್ಲಿ ಕೂತಿದ್ದೆ. ಮಳೆ ಬಂದು ಹೋಗಿ ನೀರು ತಿಳಿಯಾಗಿತ್ತು. ಕ್ಯಾಮೆರಾವನ್ನು ಬಂಡೆಗೆ ಊರಿ, ಹರಿಯುವ ನೀರು ಹಿಂಜಿದ ಹತ್ತಿಯಂತೆ ಕಾಣಲಿ ಎಂದು ಶಟರ್ ನಿಧಾನ ಮಾಡಿಕೊಂಡಿದ್ದೆ. ಎಡಗಡೆ ಜಾಲಿಯ ಪೊದೆಯಲ್ಲಿ ಕೌಜುಗವೊಂದು ಕೂಗುತ್ತಿತ್ತು. ಕೂಗು ಅರ್ಧಕ್ಕೇ ನಿಂತಿತು.

ನಿಂತದ್ದು ನನ್ನ ಎಡಗಿವಿ.

ಆಗ ಅದು ತಿಳಿಯಲಿಲ್ಲ. ಕಿವಿಗೆ ನೀರು ಹೊಕ್ಕಿರಬೇಕೆಂದು ತಲೆ ಕೊಡವಿದೆ. ಕೊಡವಿದ್ದೇ ತಡ, ಹಳ್ಳ ನಿಂತು ದಂಡೆ ಹರಿಯತೊಡಗಿತು. ಬಂಡೆಯನ್ನು ತಬ್ಬಿಕೊಂಡು ವಾಂತಿ ಮಾಡಿದೆ. ಕುರಿ ಮೇಯಿಸುತ್ತಿದ್ದ ಹೆಂಗಸೊಬ್ಬಳು ನನ್ನ ಫೋನಿನಿಂದಲೇ ನನ್ನ ಗಂಡನಿಗೆ ಸುದ್ದಿ ಮುಟ್ಟಿಸಿದಳು.

ನನ್ನ ಗಂಡ ತಿಪ್ಪೇಸ್ವಾಮಿ ಮೊಳಕಾಲ್ಮೂರಿನ ನೇಕಾರರು. ಮನೆಮಾತು ತೆಲುಗು. ನಾನು ಚಳ್ಳಕೆರೆಯವಳು. ಮದುವೆಯಾದ ಮೇಲೆ ಮಗ್ಗ ಕಲಿತೆ, ಮಕ್ಕಳು ದೊಡ್ಡವರಾದ ಮೇಲೆ ಕ್ಯಾಮೆರಾ ಕಲಿತೆ. ಚಳ್ಳಕೆರೆಯ ಮದುವೆ ಫೋಟೊಗ್ರಾಫರೊಬ್ಬರು ಹೊಸದು ಕೊಂಡಾಗ ಅವರ ಹಳೆಯ ಕ್ಯಾಮೆರಾ ನನಗೆ ಬಂತು. ಸೆರಗಿನ ಮೇಲೆ ರೇಷ್ಮೆಯ ನವಿಲುಗಳನ್ನು ಎಷ್ಟು ನೇಯ್ದಿದ್ದೆನೋ, ಮಿಸುಕುವ ಹಕ್ಕಿ ಬೇಕೆನಿಸಿತ್ತು. ತಿಪ್ಪೇಸ್ವಾಮಿಗೆ ಇದು ತಮಾಷೆ.

"ಹಾರಿ ಹೋಗೋದನ್ನ ಹಿಡಿಯಾಕೆ ಹೋಗ್ತೀಯಾ? ನಮ್ಮ ಮಗ್ಗದ ನವಿಲು ಕೂರಿಸಿದಲ್ಲೇ ಕೂತಿರ್ತೈತೆ" ಅನ್ನುತ್ತಿದ್ದರು.

ಕಿವಿಯಲ್ಲಿ ಗುಗ್ಗೆ ಕಟ್ಟಿದೆ ಎಂದು ಅತ್ತೆ ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟರು. ಕೆಲವು ದಿನ ಹಾಗೇ ಹೋದವು. ಗೋಡೆ ಹಿಡಿದು ನಡೆಯುತ್ತಿದ್ದೆ. ಎಡಗಿವಿಯೊಳಗೆ ಸುಮ್ಮನೆ ಒಂದು ಮೊರೆತ.

ಕೊನೆಗೆ ಚಳ್ಳಕೆರೆಯ ಇ.ಎನ್.ಟಿ. ಡಾಕ್ಟರ ಹತ್ತಿರ ಹೋದೆವು. ಆಡಿಯೋಗ್ರಾಂ ಮಾಡುವ ಹುಡುಗಿ ಪೆಟ್ಟಿಗೆಯಂಥ ಕೋಣೆಯಲ್ಲಿ ನನ್ನನ್ನು ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕೆಂದಳು. ಬಲಗಿವಿಗೆ ಕೇಳಿತು. ಒತ್ತಿದೆ, ಮತ್ತೆ ಒತ್ತಿದೆ. ಎಡಗಿವಿಯದು ಶುರುವಾಗಲಿ ಎಂದು ಕಾಯುತ್ತ ಕೂತೆ. ಹುಡುಗಿ ಬಾಗಿಲು ತೆರೆದಳು.

"ಮುಗೀತು ಅಕ್ಕ."

ಡಾಕ್ಟರು ಹೇಳಿದರು: "ಸಡನ್ ಹಿಯರಿಂಗ್ ಲಾಸ್. ನರಕ್ಕೆ ಸಂಬಂಧಿಸಿದ್ದು. ಯಾಕೆ ಬಂತು ಅಂತ ಎಷ್ಟೋ ಸಲ ಗೊತ್ತಾಗಲ್ಲ."

"ವಾಪಸ್ ಬರ್ತೈತಾ ಸಾರ್?" ಅಂದೆ.

"ಸ್ವಲ್ಪ ತಡ ಆಗಿದೆ. ಪ್ರಯತ್ನ ಮಾಡೋಣ."

ಸ್ಟೆರಾಯ್ಡ್ ಮಾತ್ರೆ. ಆಮೇಲೆ ಕಿವಿತಮಟೆಯ ಮೂಲಕ ಇಂಜೆಕ್ಷನ್. ದಾವಣಗೆರೆಯಲ್ಲಿ ಎಂ.ಆರ್.ಐ. ಗಡ್ಡೆ ಇಲ್ಲ ಎಂದು ರಿಪೋರ್ಟ್ ಬಂದಾಗ ತಿಪ್ಪೇಸ್ವಾಮಿ ಮೆಟ್ಟಿಲ ಮೇಲೆ ಕುಸಿದು ಕೂತು, ಟವೆಲಿನಲ್ಲಿ ಬಹಳ ಹೊತ್ತು ಮುಖ ಒರೆಸಿಕೊಂಡರು.

ಚಿಕಿತ್ಸೆ ಮುಗಿಯುವವರೆಗೆ ಚಳ್ಳಕೆರೆಯಲ್ಲಿ ಅವ್ವನ ಮನೆಯಲ್ಲೇ ಉಳಿದೆ. ಸಂಜೆ ತಾರಸಿ ಹತ್ತಿ, ಊರಾಚೆ ದನ ಮೇಯುವ ಕಾವಲಿನ ಹುಲ್ಲು ಹೊಂಬಣ್ಣಕ್ಕೆ ತಿರುಗುವುದನ್ನು ನೋಡುತ್ತಿದ್ದೆ. ನೆಲಗುಬ್ಬಿ ಮೇಲಕ್ಕೆ ಹಾರಿ ಹಾಡುವುದು ಕೇಳುತ್ತಿತ್ತು. ಎಲ್ಲಿಂದ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ದಿಕ್ಕು ಹಿಡಿಯಲು ಎರಡು ಕಿವಿ ಬೇಕಂತೆ. ನನ್ನ ಪಾಲಿಗೆ ಲೋಕದ ಹಕ್ಕಿಗಳೆಲ್ಲ ಬಲಗಡೆಗೆ ವಲಸೆ ಹೋಗಿದ್ದವು. ಬಲಕ್ಕೆ ತಿರುಗಿದರೆ ಅಲ್ಲಿ ಬರೀ ನೀರಿನ ಟ್ಯಾಂಕು.

ಫೋಟೊ ತೆಗೆಯುವವರು ಕಣ್ಣಿನಿಂದ ಹಕ್ಕಿ ಹುಡುಕುತ್ತಾರೆಂದು ಜನ ತಿಳಿಯುತ್ತಾರೆ. ಮೊದಲು ಹುಡುಕುವುದು ಕಿವಿ. ಕೂಗು ಬಿದ್ದೊಡನೆ, ಯೋಚಿಸುವ ಮೊದಲೇ ಕತ್ತು ತಾನಾಗಿ ಹೊರಳುತ್ತಿತ್ತಲ್ಲ, ಆ ಹೊರಳುವಿಕೆ ನನಗೆ ಬೇಕಿತ್ತು. ಹಳ್ಳಕ್ಕಿಂತ, ಹಕ್ಕಿಗಿಂತ ಹೆಚ್ಚಾಗಿ ಅದು ಬೇಕಿತ್ತು. ಹಳೆಯ ಫೋಟೊಗಳನ್ನು ನೋಡುವಾಗಲೂ ಹಕ್ಕಿ ಕಾಣುವ ಹಿಂದಿನ ಆ ಒಂದು ಕ್ಷಣವನ್ನೇ ನೆನೆಯುತ್ತಿದ್ದೆ. ಅದು ಯಾವ ಫೋಟೊದಲ್ಲೂ ಇಲ್ಲ.

"ಹಕ್ಕಿ ಎಲ್ಲಿಗೂ ಹೋಗಲ್ಲ ಬಿಡವ್ವ. ಮೊದ್ಲು ನೆಟ್ಟಗೆ ನಿಂತ್ಕೋ" ಅಂದಳು ಅವ್ವ.

ನೆಟ್ಟಗೆ ನಿಂತೆ. ತಲೆಸುತ್ತು ಇಳಿಯಿತು. ದಪ್ಪ ಸದ್ದುಗಳು ಕೊಂಚ ಮರಳಿದವು: ಬಸ್ಸಿನ ಇಂಜಿನ್, ಅವ್ವನ ಕೆಮ್ಮು. ತೆಳುವಾದವು ಬರಲಿಲ್ಲ. ಮೊಳಕಾಲ್ಮೂರಿಗೆ ವಾಪಸಾದೆ. ನಮ್ಮ ಓಣಿಯಲ್ಲಿ ಯಾರ ಮನೆಯ ಮಗ್ಗ ನಿಂತಿತೆಂದು ಕೂತಲ್ಲೇ ಹೇಳುತ್ತಿದ್ದವಳಿಗೆ ಈಗ ಎಲ್ಲ ಮಗ್ಗಗಳೂ ಕಲಸಿಹೋಗಿದ್ದವು.

"ಕ್ಯಾಮೆರಾ ಯಾರಿಗಾದ್ರೂ ಕೊಟ್ಟುಬಿಡ್ರಿ" ಅಂದೆ.

ಭಾನುವಾರ ಬೆಳಿಗ್ಗೆ ತಿಪ್ಪೇಸ್ವಾಮಿ ಬೈಕ್ ಹೊರಗೆ ತೆಗೆದು, ಕ್ಯಾಮೆರಾ ಬ್ಯಾಗನ್ನು ತಾವೇ ಕೊರಳಿಗೆ ಹಾಕಿಕೊಂಡು ನಿಂತಿದ್ದರು.

"ನಡಿ, ಹಳ್ಳಕ್ಕೆ."

ಹರಿಯುವ ನೀರನ್ನು ಮೊದಲು ನೋಡಲಾಗಲಿಲ್ಲ. ನೋಡಿದರೆ ದಂಡೆ ಮತ್ತೆ ಹರಿಯತೊಡಗುತ್ತಿತ್ತು. ನೀರಿನ ನಡುವೆ ಅಲುಗದ ಒಂದು ಕಲ್ಲನ್ನು ದಿಟ್ಟಿಸುತ್ತ ಕೂತೆ. ಮಿಂಚುಳ್ಳಿ ಕೂಗಿತು. ಕತ್ತು ಬಲಕ್ಕೆ ಹೊರಳಿತು. ಏನೂ ಇಲ್ಲ.

"ಅಗೋ, ಲಕುಮುಕಿ ಪಿಟ್ಟ!" ಅವರು ಮಿಂಚುಳ್ಳಿಯನ್ನು ತೆಲುಗಿನಲ್ಲೇ ಕರೆಯುವುದು.

"ಎಲ್ಲಿ?"

"ಅಲ್ಲಿ, ಕಲ್ಲಿನ ಮ್ಯಾಲೆ!"

"ಎಲ್ಲಾ ಕಲ್ಲೇ ಅಲ್ಲೇನ್ರಿ ಇಲ್ಲಿ?"

ಅಷ್ಟರಲ್ಲಿ ಅದು ಹಾರಿತ್ತು. ಇಬ್ಬರಿಗೂ ನಗು ಬಂತು. ನನ್ನ ನಗು ನಡುವೆಯೇ ಅಳುವಾಯಿತು. ಅವರು ನನ್ನ ಎಡಗಡೆಗೆ ಬಂದು ಕೂತರು.

ಬಿಸಿಲೇರುವ ಹೊತ್ತಿಗೆ ಮತ್ತೆ ಕೂಗು ಬಿತ್ತು. ಈ ಸಲ ಅವರು ಮೆಲ್ಲಗೆ ನನ್ನ ಹಿಂದೆ ಸರಿದು, ನೂಲು ಹಿಡಿದು ಒರಟಾದ ಎರಡು ಅಂಗೈಗಳಲ್ಲಿ ನನ್ನ ತಲೆ ಹಿಡಿದು ಎಡಕ್ಕೆ ತಿರುಗಿಸಿದರು. ಇನ್ನೊಂಚೂರು. ಇನ್ನೂ ಒಂಚೂರು ಕೆಳಕ್ಕೆ.

ಅಲ್ಲಿತ್ತು. ಒದ್ದೆ ಕಲ್ಲಿನ ಮೇಲೆ, ಕೊಕ್ಕಿನಲ್ಲಿ ಮೀನು ಹಿಡಿದು, ನೀಲಿಯಾಗಿ.

ಶಟರ್ ಒತ್ತಿದೆ. ಅದು ಇನ್ನೂ ಅವತ್ತಿನ ನಿಧಾನದಲ್ಲೇ ಇತ್ತು.

"ಬಂತಾ?"

"ಹಕ್ಕಿ ಕಲಸಿ ಹೋಗೈತೆ. ನೀರು ಚಂದ ಬಂದೈತೆ."

ಈ ಕಿವಿ ಇನ್ನು ಇಷ್ಟೇ ಇರಬಹುದು ಎಂದು ಡಾಕ್ಟರು ಹೇಳಿದ್ದಾರೆ. ಇರಲಿ ಅನ್ನುವಷ್ಟು ಧೈರ್ಯ ಎಲ್ಲ ದಿನವೂ ಇರುವುದಿಲ್ಲ. ಅವತ್ತು ಇತ್ತು. ಹಕ್ಕಿ ಹೋದ ಮೇಲೂ ಅವರ ಅಂಗೈ ನನ್ನ ಕಿವಿಗಳ ಮೇಲೇ ಇತ್ತು. ತೆಗೆಯಿರಿ ಎಂದು ನಾನು ಹೇಳಲಿಲ್ಲ.